ಸೂಚಕ ಸುಲೈಮಾನಾಕ

ಸುಲೈಮಾನಾಕ ಆ ದಿನ ಬೆಳಗ್ಗೆ ಬಾಯಿ ತೆರೆದದ್ದು ಹಲ್ಲುಜ್ಜಲಿಕ್ಕೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಅಷ್ಟಕ್ಕೇ ಆಚೆ ಮನೆಯ ನರ್ಮದಾ ಟೀಚರು ಕಂಪೌಂಡಿನ ಮೇಲಿನಿಂದ ಎರಡೂ ಕೈ ಆಡಿಸುತ್ತಾ, "ಬೇಡ ಸುಲೈಮಾನಾಕ, ದಮ್ಮಯ್ಯ! ಇವತ್ತೊಂದು ದಿನ ಬೇಡ!" ಎಂದು ಕೂಗಿದರು.

ಸುಲೈಮಾನಾಕ ಬ್ರಶ್ಶು ಕಚ್ಚಿಕೊಂಡೇ ಹಿಂದೆ ಮುಂದೆ ನೋಡಿದರು. ಹಲ್ಲುಜ್ಜಬೇಡ ಎನ್ನಲಿಕ್ಕೆ ಈ ಟೀಚರಿಗೆ ಎಂತ ಅಧಿಕಾರ? ನೊರೆ ಉಗುಳಿ ಅದನ್ನೇ ಕೇಳಬೇಕು ಎನ್ನುವಷ್ಟರಲ್ಲಿ ಗೇಟು ತಳ್ಳಿಕೊಂಡು ರಿಕ್ಷಾ ಓಡಿಸುವ ಸುಕೇಶ್ ಒಳಗೆ ಬಂದ. ಅವನ ಹಿಂದೆ ಮಹಡಿ ಮನೆಯ ಜಾರ್ಜ್ ಬಂದರು, ಲುಂಗಿಯಲ್ಲೇ. ದುಬೈಯಿಂದ ಬಂದ ಮೇಲೆ ಜಾರ್ಜ್ ಲುಂಗಿಯಲ್ಲಿ ಗೇಟು ದಾಟಿದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ.

"ಎಂತ ಆಯ್ತು? ಯಾರಾದ್ರೂ ಹೋದ್ರಾ?" ಸುಲೈಮಾನಾಕರಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಯಾರೂ ಹೋಗ್ಲಿಲ್ಲ. ಬರುವವರಿದ್ದಾರೆ," ಎಂದ ಸುಕೇಶ್. "ಮಣಿಪಾಲದಿಂದ, ಚರಂಡಿ ಕೆಲಸ ಹೇಗಾಗಿದೆ ಅಂತ ನೋಡ್ಲಿಕ್ಕೆ. ನೀವು ಇವತ್ತು ಬೊಬ್ಬೆ ಹಾಕ್ಲಿಕ್ಕಿಲ್ಲ, ಆಯ್ತಾ?"

ಊರವರು ಗೌರವದಿಂದ 'ಆಕ' ಎಂದು ಕರೆಯುವ ಸುಲೈಮಾನರ ಬೊಬ್ಬೆಗೆ ಕಾರಣ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಊರವರ ಪಕ್ಷ ಸೇರಿಬಿಡುತ್ತೀರಿ. ಕಾಪುವಿನಿಂದ ಎಲ್ಲೂರಿಗೆ ಹೋಗುವ ದಾರಿಯಲ್ಲಿ ತಾಳೆಬೆಟ್ಟು ಎಂಬ ಒಂದು ಓಣಿ. ಕಾಪು ಪೇಟೆಯಲ್ಲಿ ಕೊಡೆ, ಚಪ್ಪಲಿಗಳ ಅಂಗಡಿ ಇಟ್ಟುಕೊಂಡಿದ್ದ ಸುಲೈಮಾನಾಕರ ಮನೆ ಆ ಓಣಿಯ ತೀರಾ ಕೊನೆಯಲ್ಲಿ, ತಗ್ಗಿನಲ್ಲಿ. ಮೊದಲು ಅವರವರ ಮನೆಯ ಬಚ್ಚಲ ನೀರು ಅವರವರ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಆಮೇಲೆ ಮಣಿಪಾಲದ ಒಂದು ಸಂಸ್ಥೆಯವರು ಬಂದು ಓಣಿಯನ್ನು ಉದ್ಧಾರ ಮಾಡಿದರು. ಜಾರ್ಜರ ಮನೆಯಿಂದ ಶುರುವಾದ ಸಿಮೆಂಟು ಚರಂಡಿ ಸುಕೇಶನ ಮನೆ ದಾಟಿ, ಟೀಚರ ಮನೆ ದಾಟಿ, ಸುಲೈಮಾನಾಕರ ಕಂಪೌಂಡು ಮುಟ್ಟಿತು. ಸರಿಯಾಗಿ ಅವರ ಬಾವಿಯ ಪಕ್ಕದಲ್ಲಿ ಕೆಲಸ ನಿಂತಿತು. ಕೆಲಸ ನಿಂತದ್ದು ನೀರಿಗೆ ಗೊತ್ತಿರಲಿಲ್ಲ. ಅದು ಇಡೀ ಓಣಿಯ ಸೋಪು, ಅಕ್ಕಿ ತೊಳೆದದ್ದು, ಮೀನು ತೊಳೆದದ್ದು ಎಲ್ಲವನ್ನೂ ಹೊತ್ತುಕೊಂಡು ಬಂದು ಬಾವಿಗೆ ಇಳಿಯುತ್ತಿತ್ತು. ಅಜ್ಜನ ಕಾಲದಿಂದ ಬೇಸಿಗೆಯಲ್ಲೂ ಬತ್ತದ ಬಾವಿ! ಈಗ ಹೆಂಡತಿ ಸಫಿಯಾ ಕುಡಿಯುವ ನೀರಿಗೆ ಕೊಡಪಾನ ಹಿಡಿದು ಟೀಚರ ಬಾವಿಗೆ ಹೋಗಬೇಕು. ಇದಕ್ಕೆ ಬೊಬ್ಬೆ ಹಾಕದೆ ಹಾಡು ಹೇಳಬೇಕಾ?

ಬೊಬ್ಬೆ ಅವರಿಗೆ ಹೊಸತಲ್ಲ ಎಂಬುದೂ ನಿಜವೇ. ಮೊದಲು ಸೌದಿಯ ದಮ್ಮಾಮಿನಲ್ಲಿ ಕ್ರೇನಿನ ಮೇಲೆ ಕುಳಿತು ಕೆಳಗಿನವರೊಡನೆ ಮಾತಾಡಿ ಮಾತಾಡಿ ಅವರ ಗಂಟಲು ಹಾಗೆ ಆಗಿಹೋಗಿತ್ತು. ಚರಂಡಿ ಇಲ್ಲದ ಕಾಲದಲ್ಲಿ ಚರಂಡಿ ಇಲ್ಲವೆಂದು ಬೊಬ್ಬೆ. ದಾರಿದೀಪ ಉರಿಯದಿದ್ದರೆ ಬೊಬ್ಬೆ, ನಾಯಿ ಹೆಚ್ಚಾದರೆ ಬೊಬ್ಬೆ. ದಿನಾ ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ನಿಂತು ಅವರು ಬಾಯಿ ತೆರೆದರೆ ಓಣಿಯಲ್ಲಿ ಮಲಗಿದವರೆಲ್ಲ ಏಳುತ್ತಿದ್ದರು.

"ನಾನು ಯಾಕೆ ಸುಮ್ಮನಿರ್ಬೇಕು? ಅವರು ನೋಡ್ಲಿಕ್ಕೆ ಬರುವುದಾದ್ರೆ ಇವತ್ತೇ ಅಲ್ವಾ ಹೇಳ್ಬೇಕಾದ್ದು?"

 ಟೀಚರು ಕಂಪೌಂಡಿನ ಮೇಲೆ ಇನ್ನಷ್ಟು ಬಗ್ಗಿದರು. "ಅವರು ನೋಡ್ಲಿಕ್ಕೆ ಬರುವುದು ಚರಂಡಿಯನ್ನಲ್ಲ ಸುಲೈಮಾನಾಕ. ನಿಮ್ಮನ್ನು."

ಆಮೇಲೆ ಹೊರಬಿದ್ದ ಕತೆ ಇದು. ಕೆಲಸ ಶುರುವಾಗುವ ಮೊದಲು ಶಾಲೆಯ ಜಗಲಿಯಲ್ಲಿ ಒಂದು ಸಭೆ ಆಗಿತ್ತು. ಆ ದಿನ ಸುಲೈಮಾನಾಕ ಕಾರ್ಕಳದ ಆಚೆ ಕುಕ್ಕುಂದೂರಿನಲ್ಲಿ ಗೆಳೆಯನ ಮಗಳ ಮದುವೆಯ ಬಿರಿಯಾನಿ ಬಡಿಸುತ್ತಿದ್ದರು. ಸಂಸ್ಥೆಯ ಭಾವನಾ ಎಂಬ ಹುಡುಗಿ ನೆಲದಲ್ಲಿ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದು, ಮತ ಹಾಕಲು ಎಲ್ಲರ ಕೈಗೂ ಹುಣಸೆಬೀಜ ಕೊಟ್ಟು ಕೇಳಿದಳಂತೆ: "ನಿಮ್ಮ ಊರು ಸುಧಾರಿಸಿತು ಅಂತ ನಿಮಗೆ ಗೊತ್ತಾಗುವುದು ಹೇಗೆ? ಅದರ ಗುರುತನ್ನು ನಾವು ಹೇಳುವುದಿಲ್ಲ, ನೀವೇ ಹೇಳಬೇಕು. ಅದಕ್ಕೆ ಸೂಚಕ ಅಂತ ಹೆಸರು. ಜನರೇ ಆರಿಸಿದ ಸೂಚಕದಿಂದಲೇ ನಮ್ಮ ಕೆಲಸವನ್ನು ಅಳೆಯುತ್ತೇವೆ."

ಟೀಚರು ಸೊಳ್ಳೆ ಕಡಿಮೆಯಾಗಬೇಕು ಎಂದರು. ಸೊಳ್ಳೆ ಎಣಿಸುವವರು ಯಾರು ಎಂದು ಜಾರ್ಜ್ ಕೇಳಿದರು. ಜಾರ್ಜ್ ಕಾರಿನ ಟಯರಿಗೆ ಕೆಸರು ಹಿಡಿಯಬಾರದು ಎಂದರು. ಕಾರೇ ಇಲ್ಲದವರು ಎಂತ ಮಾಡುವುದು ಎಂದು ಟೀಚರು ತಿರುಗಿ ಕೇಳಿದರು. ಜಗಳ ಜೋರಾಗುವಾಗ ಸುಕೇಶ್ ಎದ್ದು, "ಎಂತಕ್ಕೆ ಇಷ್ಟು ತಲೆಬಿಸಿ? ಸುಲೈಮಾನಾಕ ಬೆಳಗ್ಗೆ ಬೊಬ್ಬೆ ಹಾಕ್ಲಿಲ್ಲ ಅಂದ್ರೆ ಊರು ಸರಿಯಾಯ್ತು ಅಂತ ಲೆಕ್ಕ!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಭಾವನಾ ಮಾತ್ರ ನಗಲಿಲ್ಲ. ಎಲ್ಲರಿಗೂ ಕೇಳಿಸುತ್ತದಾ, ದಿನಾ ಇರುತ್ತದಾ, ಅಳೆಯಲಿಕ್ಕೆ ಸುಲಭವಾ ಎಂದು ಒಂದೊಂದಾಗಿ ವಿಚಾರಿಸಿದಳು. ಎಲ್ಲದಕ್ಕೂ ಹೌದು. ಅವಳು ಕೂಡಲೇ ಬಾಯಿ ತೆರೆದ ಒಂದು ಮುಖವನ್ನು ನೆಲದಲ್ಲಿ ಬರೆದಳು. ಊರಿನ ಹುಣಸೆಬೀಜವೆಲ್ಲ ಆ ಬಾಯಿಗೇ ಬಿತ್ತು.

"ನಾನು ಎಂತ ಥರ್ಮಾಮೀಟರಾ?" ಸುಲೈಮಾನಾಕರ ಮೈ ಉರಿದುಹೋಯಿತು. "ಒಂದು ಮಾತು ಕೇಳ್ಬೇಕು ಅಂತ ಒಬ್ಬರಿಗೂ ಕಾಣ್ಲಿಲ್ವಾ? ಸಫಿಯಾ! ನೀನೂ ಇದ್ದಿಯಲ್ಲ ಸಭೆಯಲ್ಲಿ? ನೀನು ಯಾವುದಕ್ಕೆ ಹಾಕಿದ್ದು ಬೀಜ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಎಲ್ಲರೂ ನಿಮಗೇ ಹಾಕುವಾಗ ನಾನೊಬ್ಬಳು ಸೊಳ್ಳೆಗೆ ಹಾಕುದು ಹೇಗೆ?" ಎಂದಳು ಸಫಿಯಾ.

ಜಾರ್ಜ್ ಸುಲೈಮಾನಾಕರ ಹೆಗಲಿಗೆ ಕೈ ಹಾಕಿದರು. "ಕೋಪ ಮಾಡ್ಬೇಡಿ ಮಾರಾಯ್ರೆ. ನೀವು ಇವತ್ತು ಸುಮ್ಮನಿದ್ರೆ ಮೊದಲನೇ ಹಂತ ಪಾಸು. ಪಾಸಾದ್ರೆ ಎರಡನೇ ಹಂತ ಬರ್ತದೆ. ಎರಡನೇ ಹಂತದಲ್ಲಿ ಮೊದಲ ಕೆಲಸ ಎಂತ ಗೊತ್ತುಂಟಾ? ನಿಮ್ಮ ಬಾವಿಯ ಹತ್ತಿರದ ಚರಂಡಿ. ಫೇಲಾದ್ರೆ ಅವರು ಬೇರೆ ಊರಿಗೆ ಹೋಗ್ತಾರೆ, ನಿಮ್ಮ ಬಾವಿ ಹೀಗೇ ಇರ್ತದೆ. ಒಂದೇ ಒಂದು ದಿನ. ಆಗುದಿಲ್ವಾ?"

ಸುಲೈಮಾನಾಕ ಬಾವಿಯ ಕಡೆ ನೋಡಿದರು. ನೀರಿನ ಮೇಲೆ ಯಾರದೋ ಮನೆಯ ಸಾರಿನ ಎಣ್ಣೆ ತೇಲುತ್ತಿತ್ತು. ಬಾವಿಗೋಸ್ಕರ ಬಾಯಿ ಮುಚ್ಚಿದರು.

ಮಣಿಪಾಲದವರು ತಿಂಡಿ ಹೊತ್ತಿಗೇ ಬಂದರು. ಭಾವನಾಳ ಜೊತೆ ದೊಡ್ಡ ಮೌಲ್ಯಮಾಪಕ, ಡಾಕ್ಟರ್ ಅನಂತೇಶ. ಖಾದಿ ಜುಬ್ಬಾ, ಮೆದುವಾದ ದನಿ. ಅವರು ಸೀದಾ ಬಂದು ಜಗಲಿಯಲ್ಲಿದ್ದ ಸುಲೈಮಾನಾಕರ ಆರಾಮಕುರ್ಚಿಯಲ್ಲಿ ಕುಳಿತರು. "ನೀವು ಸಹಜವಾಗಿರಿ. ಸೂಚಕಕ್ಕೆ ನಮ್ಮಿಂದ ಏನೂ ತೊಂದರೆ ಆಗಬಾರದು. ನಾವು ಇಲ್ಲಿ ಇಲ್ಲ ಅಂತಲೇ ತಿಳಿಯಿರಿ," ಎಂದರು.

ತನ್ನ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ತಾನು ಇಲ್ಲ ಎನ್ನುವ ಮನುಷ್ಯನಿಗೆ ಏನು ಹೇಳುವುದು? ಸುಲೈಮಾನಾಕ ಏನೋ ಹೇಳಲಿಕ್ಕೆಂದು ಬಾಯಿ ಬಿಟ್ಟರು. ತಕ್ಷಣ ನರ್ಮದಾ ಟೀಚರು ಒಂದು ಬನ್ಸನ್ನು ಆ ಬಾಯಿಗೆ ತುರುಕಿದರು. "ಬಿಸಿ ಉಂಟು, ತಿನ್ನಿ. ನಮ್ಮಲ್ಲಿ ಹೀಗೇ ಸರ್, ಬೆಳಗ್ಗೆ ಎದ್ದರೆ ಒಬ್ಬರಿಗೊಬ್ಬರು ತಿನ್ನಿಸುವುದು."

"ಎಂಥ ಸಾಮರಸ್ಯ!" ಎಂದರು ಅನಂತೇಶ. ಭಾವನಾ ಬರೆದುಕೊಂಡಳು. ಅವಳ ಫೋನಿನಲ್ಲಿ ಸದ್ದು ಅಳೆಯುವ ಒಂದು ಆ್ಯಪ್ ಇತ್ತು. ಅದನ್ನು ಅವಳು ಸುಲೈಮಾನಾಕರ ಮುಖದ ಎದುರಿಗೇ ಒಂದು ಸ್ಟೂಲಿನ ಮೇಲೆ ನಿಲ್ಲಿಸಿದ್ದಳು. ಅವರು ಬನ್ಸು ಅಗಿದರೂ ಅದರಲ್ಲಿ ಹಸಿರು ಗೆರೆ ಮೇಲೆ ಕೆಳಗೆ ಹೋಗುತ್ತಿತ್ತು.

ಜಗಲಿಯಿಂದ ಬಾವಿ ಕಾಣುತ್ತಿರಲಿಲ್ಲ. ಯಾಕೆಂದರೆ ಟೀಚರು ಬೆಳಗ್ಗೆಯೇ ತಮ್ಮ ನಾಲ್ಕಾರು ಸೀರೆಗಳನ್ನು ತಂದು ಬಾವಿಗೆ ಅಡ್ಡವಾಗಿ ಒಣಗಲು ಹಾಕಿದ್ದರು. ಸುಲೈಮಾನಾಕರ ಅಂಗಳದಲ್ಲಿ, ಸುಲೈಮಾನಾಕರ ಹಗ್ಗದಲ್ಲಿ, ಒಂದು ಮಾತು ಕೇಳದೆ! ಅವರು ಸೀರೆಯ ಕಡೆ ಬೆರಳು ತೋರಿಸಿದಾಗ ಇನ್ನೊಂದು ಬನ್ಸು ಬಂತು.

ಅಷ್ಟು ಹೊತ್ತಿಗೆ ಜಾರ್ಜರ ಮನೆಯ ವಾಷಿಂಗ್ ಮೆಷಿನ್ ನೀರು ಬಿಟ್ಟಿತು. ಇವತ್ತೊಂದು ದಿನ ನಿಲ್ಲಿಸಿ ಎಂದು ಮನೆಯಲ್ಲಿ ಹೇಳಲಿಕ್ಕೆ ಜಾರ್ಜ್ ಮರೆತಿದ್ದರು. ಮಹಡಿಯಿಂದ ಇಳಿದ ನೀಲಿ ನೊರೆ ಚರಂಡಿಯಲ್ಲಿ ಸರಸರ ಬಂದು, ಜಗಲಿಯ ಎದುರು ಹಾದು, ಸೀರೆಗಳ ಹಿಂದೆ ಮಾಯವಾಯಿತು. ಆಮೇಲೆ ಬಾವಿಯೊಳಗೆ ಗುಳುಗುಳು ಎಂದು ಬೀಳುವ ಸದ್ದು.

"ಆಹಾ, ನೀರು ಎಷ್ಟು ಸರಾಗವಾಗಿ ಹೋಗುತ್ತಿದೆ ನೋಡಿ," ಎಂದರು ಅನಂತೇಶ. "ಜಲಪಾತದ ಹಾಗೆ ಕೇಳಿಸುತ್ತದೆ. ನಿಮ್ಮದು ಪುಣ್ಯ ಸುಲೈಮಾನ್ ಅವರೇ, ಮನೆಯಲ್ಲೇ ಕುಳಿತು ಇದನ್ನು ಕೇಳಬಹುದು."

ಸುಲೈಮಾನಾಕರ ಕಿವಿ ಕೆಂಪಾಯಿತು. ಕುತ್ತಿಗೆಯ ನರ ಉಬ್ಬಿತು. ಸಫಿಯಾ ಬಾಗಿಲ ಸಂದಿಯಿಂದ ಗಂಡನ ಮುಖ ನೋಡಿ, "ಯಾ ರಬ್ಬೇ, ಇವರು ಒಡೆದುಹೋಗ್ತಾರೆ!" ಎಂದಳು. ಬನ್ಸು ಮುಗಿದಿತ್ತು. ಟೀಚರ ಕೈಯಲ್ಲಿ ಬರಿಯ ತಟ್ಟೆ ಮಾತ್ರ ಇತ್ತು. ಆಗ ಸುಕೇಶ್ ಹಾರಿ ಬಂದು ಸುಲೈಮಾನಾಕರ ರಟ್ಟೆ ಹಿಡಿದ. "ಸರ್, ಇವರಿಗೆ ಅಂಗಡಿ ತೆರೆಯುವ ಹೊತ್ತಾಯ್ತು. ಈಗ ಬಿಟ್ಟು ಬರ್ತೇನೆ," ಎಂದವನೇ ಅವರನ್ನು ರಿಕ್ಷಾದೊಳಗೆ ದೂಡಿದ.

ರಿಕ್ಷಾ ಅಂಗಡಿಗೆ ಹೋಗಲಿಲ್ಲ. ಪೇಟೆ ದಾಟಿ ಸೀದಾ ಕಾಪು ಬೀಚಿಗೆ ಹೋಗಿ ಲೈಟ್‌ಹೌಸಿನ ಬಂಡೆಗಳ ಹತ್ತಿರ ನಿಂತಿತು. "ಇಳಿಯಿರಿ ಆಕ. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಇಲ್ಲಿ ಹೇಳಿ. ಸಮುದ್ರ ಯಾರಿಗೂ ಹೇಳುದಿಲ್ಲ," ಎಂದ ಸುಕೇಶ್.

ಸುಲೈಮಾನಾಕ ಬಂಡೆಯ ತುದಿಗೆ ಹೋಗಿ ನಿಂತು ಎರಡೂ ಕೈ ಮೇಲೆತ್ತಿದರು. ಬೆಳಗ್ಗಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಜಾರ್ಜರ ವಾಷಿಂಗ್ ಮೆಷಿನ್ನು, ಟೀಚರ ಸೀರೆ, ಜುಬ್ಬಾದವರ ಜಲಪಾತ, ಯಾವುದನ್ನೂ ಬಿಡಲಿಲ್ಲ. ದಮ್ಮಾಮಿನಲ್ಲೂ ಅವರು ಇಷ್ಟು ಏರಿದ ದನಿಯಲ್ಲಿ ಮಾತಾಡಿರಲಿಕ್ಕಿಲ್ಲ. ನೀರಿನ ಕಡೆ ಕೈ ಬೀಸಿ ಬೀಸಿ, "ಹೋಯ್ತು! ನನ್ನದು ಹೋಯ್ತು! ಎಲ್ಲರೂ ನೋಡ್ತಾ ನಿಂತಿದ್ರು!" ಎಂದು ಅವರು ಕೂಗುವಾಗ ಕೆಳಗೆ ಪೀಪಿ ಊದಿದ ಸದ್ದಾಯಿತು.

ಜೀವರಕ್ಷಕನೊಬ್ಬ ಕೆಂಪು ಟ್ಯೂಬು ಹಿಡಿದು ಸೀದಾ ತೆರೆಗೆ ಹಾರಿದ. ಇನ್ನೊಬ್ಬ ಹಗ್ಗ ತರಲು ಓಡಿದ. ಐಸ್‌ಕ್ರೀಮಿನವ ಗಾಡಿ ಬಿಟ್ಟು ಬಂದ. ದಡದಲ್ಲಿ ಜನ ಸೇರಿ, ಯಾರು, ಎಷ್ಟು ವಯಸ್ಸು, ಈಜು ಬರುತ್ತದಾ ಎಂದು ಕೇಳತೊಡಗಿದರು. ಒಬ್ಬ ಹೆಂಗಸು ಸುಲೈಮಾನಾಕರ ಕೈ ಹಿಡಿದು ಅಳಲಿಕ್ಕೇ ಶುರುಮಾಡಿದಳು.

"ಯಾರು ಹೋದದ್ದು? ಯಾವ ಕಡೆ ಎಳೆದುಕೊಂಡು ಹೋಯ್ತು?" ನೀರಿನಿಂದ ತಲೆ ಎತ್ತಿ ಜೀವರಕ್ಷಕ ಕೂಗಿದ.

"ಯಾರೂ ಅಲ್ಲ," ಎಂದರು ಸುಲೈಮಾನಾಕ, ದನಿ ಇಳಿಸಿ. "ಬಾವಿ. ಬಾವಿಗೆ ಚರಂಡಿ ನೀರು."

ನೀರಿನಿಂದ ಮೇಲೆ ಬಂದವನು ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ ಬಂಡೆಯ ಮೇಲೆ ನಿಂತು ಅವರನ್ನು ಬೈದ ಬೈಗುಳ ಬರೆಯುವಂಥದ್ದಲ್ಲ. "ಚರಂಡಿ ವಿಷಯ ಹೇಳ್ಲಿಕ್ಕೆ ಸಮುದ್ರಕ್ಕೆ ಬರುದಾ? ನಿಮ್ಮ ಊರಲ್ಲಿ ಹೇಳ್ಲಿಕ್ಕೆ ಎಂತ ರೋಗ?"

"ಊರಲ್ಲಿ ಬಾಯಿ ತೆರೀಲಿಕ್ಕಿಲ್ಲ ಇವತ್ತು," ಎಂದು ಸುಲೈಮಾನಾಕ ಹೇಳಿದ್ದನ್ನು ಒಬ್ಬನೂ ನಂಬಲಿಲ್ಲ. ಕೈ ಹಿಡಿದು ಅತ್ತ ಹೆಂಗಸೇ ಈಗ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದಳು. ಸುಕೇಶ್ ಹೇಗೋ ಅವರನ್ನು ಎಳೆದುಕೊಂಡು ರಿಕ್ಷಾಕ್ಕೆ ಹತ್ತಿಸಿದ.

ವಾಪಸು ಬರುವಾಗ ಸುಕೇಶ್ ಖುಷಿಯಲ್ಲಿದ್ದ. "ಇನ್ನು ಸಭೆ ಒಂದು ಆದ್ರೆ ಮುಗೀತು ಆಕ. ಆಮೇಲೆ ನೋಡಿ ನಮ್ಮ ಓಣಿಯ ಗತ್ತು. ಜಾರ್ಜಣ್ಣನ ಗೇಟಿನವರೆಗೆ ಇಂಟರ್‌ಲಾಕು ರಸ್ತೆ. ಟೀಚರ ಮನೆ ಎದುರು ಹೊಸ ದೀಪ. ಓಣಿಯ ಬಾಯಲ್ಲಿ ದೊಡ್ಡ ಕಮಾನು."

"ಚರಂಡಿ ಮೊದಲು ಅಲ್ವಾ?"

"ಯಾವ ಚರಂಡಿ?"

"ನನ್ನ ಬಾವಿಯ ಹತ್ತಿರದ್ದು, ಮಾರಾಯ."

"ಅದು ಮೊದಲನೇ ಹಂತದ್ದಲ್ವಾ? ನೀವು ಇವತ್ತು ಬೊಬ್ಬೆ ಹಾಕದಿದ್ರೆ ಅದು ಮುಗಿದ ಹಾಗೇ ಲೆಕ್ಕ. ಮುಗಿದದ್ದನ್ನು ಅವರು ಪುನಃ ಯಾಕೆ ಮಾಡ್ತಾರೆ?" ಇಷ್ಟು ಹೇಳಿದ ಮೇಲೆ ಸುಕೇಶನಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ರಿಕ್ಷಾ ಒಂದು ಗುಂಡಿಗೆ ಇಳಿದು ಎದ್ದಿತು. "ಜಾರ್ಜಣ್ಣ ನಿಮಗೆ ಹೇಳ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದ.

ನೋಡಿ ಇವರ ಬುದ್ಧಿ! ಬನ್ಸು ತಿನ್ನಿಸಿದ್ದು ಇದಕ್ಕೆ. ಹೆಗಲಿಗೆ ಕೈ ಹಾಕಿದ್ದು ಇದಕ್ಕೆ. ಇವರ ಕೊಳೆ ನೀರನ್ನು ತನ್ನ ಬಾವಿಗೆ ಬಿಟ್ಟು, ಅದು ಸರಿಯಾಯಿತೆಂದು ತನ್ನ ಬಾಯಿಯಿಂದಲೇ, ಅದೂ ಮುಚ್ಚಿದ ಬಾಯಿಯಿಂದ, ಸಾಕ್ಷಿ ಹೇಳಿಸಿಕೊಳ್ಳುವ ಉಪಾಯ!  ಸುಕೇಶ್ ಕನ್ನಡಿಯಲ್ಲಿ ಸುಲೈಮಾನಾಕರ ಮುಖ ನೋಡಿ ನೋಡಿ ಎರಡು ಸಲ ದಾರಿ ತಪ್ಪಿದ.

ಸಭೆ ಅವರದೇ ಅಂಗಳದಲ್ಲಿ ಶುರುವಾಗಿತ್ತು. ಚಾಪೆ ಹಾಸಿ ಓಣಿಯವರೆಲ್ಲ ಕುಳಿತಿದ್ದರು. ಅನಂತೇಶರು ಅದೇ ಕುರ್ಚಿಯಲ್ಲಿದ್ದರು. "ಬೆಳಗ್ಗಿನಿಂದ ಸೂಚಕ ಪೂರ್ತಿ ಮೌನವಾಗಿದೆ," ಎಂದು ಅವರು ಹೇಳುತ್ತಿದ್ದರು. "ಒಂದು ಸಮುದಾಯ ತಾನೇ ಆರಿಸಿದ ಗುರುತು, ತಾನೇ ಸಾಧಿಸಿದ ಗುರಿ. ನಾನು ಎಷ್ಟೋ ಊರುಗಳನ್ನು ನೋಡಿದ್ದೇನೆ, ಆದರೆ ಇಂಥ..."

ಸುಲೈಮಾನಾಕ ರಿಕ್ಷಾದಿಂದ ಇಳಿದವರೇ ಸೀದಾ ಹಗ್ಗದ ಹತ್ತಿರ ಹೋಗಿ ಟೀಚರ ಸೀರೆಗಳನ್ನೆಲ್ಲ ಎಳೆದು ಹಾಕಿದರು. ಬಾವಿಯಿಂದ ಒಂದು ಬಕೆಟ್ ನೀರು ಸೇದಿದರು. ನೀಲಿ ನೊರೆಯೊಂದಿಗೆ ಮೇಲೆ ಬಂದ ಆ ಬಕೆಟನ್ನು ತಂದು ಅನಂತೇಶರ ಕಾಲ ಬುಡದಲ್ಲಿ ಇಟ್ಟರು. ಆಮೇಲೆ ಬಾಯಿ ತೆರೆದರು.

ಜನ ತಟ್ಟೆ, ಬನ್ಸು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕುಡೀರಿ!" ಎಂಬುದು ಮೊದಲ ಮಾತು. "ಪುಣ್ಯ ಅಂದ್ರಲ್ಲ, ಜಲಪಾತ ಅಂದ್ರಲ್ಲ, ಒಂದು ಗ್ಲಾಸು ಕುಡೀರಿ! ಇದರಲ್ಲಿ ಜಾರ್ಜರ ಪ್ಯಾಂಟು ಉಂಟು, ಟೀಚರ ಮನೆಯ ಒಗ್ಗರಣೆ ಉಂಟು, ಇವನ ರಿಕ್ಷಾದ ಗ್ರೀಸ್ ಉಂಟು! ನನ್ನ ಅಜ್ಜ ತೋಡಿದ ಬಾವಿ! ದಾರಿಯಲ್ಲಿ ಹೋಗುವವರೆಲ್ಲ ನಿಂತು ಕುಡಿದು ಹೋಗ್ತಿದ್ರು! ಇವತ್ತು ನನ್ನ ಹೆಂಡತಿ ಬೇರೆಯವರ ಮನೆ ಬಾವಿಗೆ ಹೋಗಿ ನಿಲ್ಲುದು, ಅವರ ಪುರುಸೊತ್ತು ನೋಡಿ ಸೇದುದು! ನಾಚಿಕೆ ಆಗುದಿಲ್ವಾ ನಿಮಗೆ? ಅಭಿವೃದ್ಧಿಯಂತೆ, ಅಭಿವೃದ್ಧಿ!"

ಭಾವನಾಳ ಫೋನಿನಲ್ಲಿ ಹಸಿರು ಗೆರೆ ಹಳದಿಯಾಗಿ, ಕೆಂಪಾಗಿ, ಮೇಲಿನ ಅಂಚಿಗೆ ತಾಗಿ ಅಲ್ಲೇ ನಿಂತಿತು. ಮೂಡಬಿದಿರೆಗೆ ಹೋಗುವ ಬಸ್ಸೊಂದು ಮುಖ್ಯ ರಸ್ತೆಯಲ್ಲಿ ನಿಧಾನವಾಯಿತಂತೆ. ಸಫಿಯಾ ಬಾಗಿಲಲ್ಲಿ ಬಂದು ನಿಂತಿದ್ದಳು. ಮದುವೆಯಾದಂದಿನಿಂದ ಈ ಬೊಬ್ಬೆಗೆ ತಲೆ ಚಚ್ಚಿಕೊಂಡವಳು, ಇವತ್ತು ಮೊದಲ ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಸರಿಯಾಗಿ ಹೇಳಿದ್ರಿ," ಎಂದಳು.

ಅನಂತೇಶರು ಎದ್ದರು. ಬಕೆಟಿಗೆ ಬಗ್ಗಿ ಮೂಸಿ ನೋಡಿ ಮೂಗಿಗೆ ಕರವಸ್ತ್ರ ಹಿಡಿದರು. ಬಾವಿಯ ಹತ್ತಿರ ಹೋಗಿ ಇಣುಕಿದರು. ಚರಂಡಿ ಎಲ್ಲಿ ನಿಂತಿದೆ ಎಂದು ಕಾಲಿನಲ್ಲಿ ಮುಟ್ಟಿ ನೋಡಿದರು. ತಿರುಗಿ ಬಂದಾಗ ಅವರ ಮುಖ ಬಿಗಿದುಕೊಂಡಿತ್ತು.

"ಇದು ಘೋರ ಅನ್ಯಾಯ," ಎಂದರು. "ಸುಲೈಮಾನ್ ಅವರು ಹೇಳಿದ ಪ್ರತಿಯೊಂದು ಮಾತೂ ನಿಜ. ನೀವೆಲ್ಲ ಸೇರಿ ಸೂಚಕದ ಬಾಯಿ ಮುಚ್ಚಿಸಿದ್ದೀರಿ. ಮೊದಲನೇ ಹಂತ ವಿಫಲ ಅಂತ ನಾನು ಇಲ್ಲೇ ಹೇಳುತ್ತಿದ್ದೇನೆ. ಆದರೆ ಸಂಸ್ಥೆ ನಿಮ್ಮನ್ನು ಕೈಬಿಡುವುದಿಲ್ಲ. ಎರಡನೇ ಹಂತ ಈ ಬಾವಿಯಿಂದಲೇ ಶುರುವಾಗಬೇಕು. ಬರುವ ಸೋಮವಾರವೇ ಕೆಲಸದವರು ಬರುತ್ತಾರೆ."

ಜಾರ್ಜ್ ನೆಲ ನೋಡಿದರು. ಟೀಚರು ಸೀರೆ ಮಡಚುತ್ತಾ ತಲೆ ತಗ್ಗಿಸಿದರು. ಸುಲೈಮಾನಾಕರಿಗೆ ಒಮ್ಮೆಲೇ ಮೈ ಹಗುರಾಯಿತು. ಸತ್ಯ ಹೇಳಿದರೆ ಕೇಳುವವರು ಲೋಕದಲ್ಲಿ ಇನ್ನೂ ಇದ್ದಾರಲ್ಲ! ತಾವೇ ಹೋಗಿ ಅನಂತೇಶರಿಗೆ ಕುರ್ಚಿ ಸರಿಮಾಡಿ ಕೊಟ್ಟರು. ಸಫಿಯಾಳಿಗೆ ಚಾ ಮಾಡಲು ಹೇಳಿದರು. ಅಷ್ಟು ಮೆಲ್ಲಗೆ ಹೇಳಿದರು ಎಂದರೆ, ಅವಳು ಎರಡನೇ ಸಲ ಕೇಳಬೇಕಾಯಿತು.

ಅದನ್ನು ಭಾವನಾ ಗಮನಿಸಿದಳು. "ಸರ್," ಎಂದಳು, ಫೋನು ನೋಡುತ್ತಾ. "ಸೂಚಕ ಕೆಳಗಿಳಿಯಿತು."

"ಅಂದರೆ?"

"ಚರಂಡಿ ಮಾಡಿಕೊಡುತ್ತೇವೆ ಅಂದದ್ದೇ ತಡ, ಸದ್ದೇ ಇಲ್ಲ. ನಿಜವಾಗಿ ಮಾಡಿಕೊಟ್ಟರೆ ಇವರು ಬೊಬ್ಬೆ ಹಾಕುವುದೇ ನಿಲ್ಲಿಸುತ್ತಾರೆ. ಆಮೇಲೆ ಉಳಿದ ಕೆಲಸ ಆಯಿತೋ ಇಲ್ಲವೋ ಅಂತ ನಮಗೆ ಗೊತ್ತಾಗುವುದು ಹೇಗೆ? ಕಮಾನು ಬಿದ್ದರೂ ಸೂಚಕ ಎಲ್ಲ ಸರಿ ಅಂತಲೇ ತೋರಿಸುತ್ತದೆ."

ಅನಂತೇಶರು ಗಡ್ಡ ಕೆರೆದುಕೊಂಡರು. ಬೇರೆ ಸೂಚಕ ಆರಿಸಬಹುದಲ್ಲ ಎಂದು ಸುಲೈಮಾನಾಕ ಗಾಬರಿಯಿಂದ ಹೇಳಿದರು. ಸೊಳ್ಳೆ ಇತ್ತಲ್ಲ, ಸೊಳ್ಳೆ ಒಳ್ಳೆಯದು ಎಂದರು. ಸೂಚಕ ಬದಲಾದರೆ ಮೊದಲನೇ ಹಂತವನ್ನು ಎರಡನೆಯದಕ್ಕೆ ಹೋಲಿಸಲಿಕ್ಕಾಗುವುದಿಲ್ಲ ಎಂದು ಭಾವನಾ ತಲೆಯಾಡಿಸಿದಳು.

ನರ್ಮದಾ ಟೀಚರು ಸೀರೆ ಮಡಚುವುದನ್ನು ನಿಲ್ಲಿಸಿದರು. "ಹುಡುಗಿ ಹೇಳುವುದರಲ್ಲಿ ಅರ್ಥ ಉಂಟು ಸರ್. ನಮ್ಮ ಮನೆ ಎದುರಿನ ದೀಪ ಹೋದಾಗ ಬೊಬ್ಬೆ ಹಾಕಿದ್ದು ನಾನಲ್ಲ, ಸುಲೈಮಾನಾಕ. ಅವರು ಸುಮ್ಮನಾದರೆ ಈ ಓಣಿಯಲ್ಲಿ ಬಾಯಿ ಇರುವವರು ಬೇರೆ ಯಾರಿದ್ದಾರೆ?"

"ಹೌದು," ಎಂದರು ಜಾರ್ಜ್, ತಲೆ ಎತ್ತಿ. "ನಮಗೆಲ್ಲ ಹೇಳ್ಲಿಕ್ಕೆ ದಾಕ್ಷಿಣ್ಯ. ಅವರು ಇದ್ದದ್ದಕ್ಕೇ ಇವತ್ತು ಸತ್ಯ ಹೊರಗೆ ಬಂತು. ಅವರ ಬಾವಿ ಮುಟ್ಟಬಾರ್ದು ಸರ್. ಎಲ್ಲ ಕೆಲಸ ಆದ ಮೇಲೆ, ಕೊನೇ ಹಂತದಲ್ಲಿ ಮಾಡುವ."

"ಎಷ್ಟು ಹಂತ ಉಂಟು?" ಎಂದು ಸುಲೈಮಾನಾಕ ಕೇಳಿದರು.

"ಅದನ್ನು ಜನರೇ ತೀರ್ಮಾನಿಸುತ್ತಾರೆ," ಎಂದರು ಅನಂತೇಶ, ಪ್ರೀತಿಯಿಂದ. "ನಾವು ಯಾರು ಹೇಳಲಿಕ್ಕೆ? ಬಾವಿಯನ್ನು ಈಗ ಹೀಗೇ ಬಿಡಬೇಕು ಎನ್ನುವವರು ಕೈ ಎತ್ತಿ."

ಅಂಗಳದ ತುಂಬ ಕೈ ಎದ್ದಿತು. ರಿಕ್ಷಾದಲ್ಲಿ ಕುಳಿತಿದ್ದ ಸುಕೇಶ್ ಕೂಡ ಅಲ್ಲಿಂದಲೇ ಕೈ ಹೊರಗೆ ಹಾಕಿದ. ಬೇಡ ಎನ್ನುವವರು ಎಂದಾಗ ಸುಲೈಮಾನಾಕ ಎರಡೂ ಕೈ ಎತ್ತಿದರು. ಬಾಗಿಲಲ್ಲಿ ಸಫಿಯಾಳೂ ಎತ್ತಿದಳು.

ಅನಂತೇಶರು ಬಹಳ ಬೇಸರದಿಂದ ತಲೆ ಅಲ್ಲಾಡಿಸಿದರು. "ಕ್ಷಮಿಸಿ ಸುಲೈಮಾನ್ ಅವರೇ. ಇದು ಸಹಭಾಗಿತ್ವದ ಪದ್ಧತಿ. ಇದರಲ್ಲಿ ಎಲ್ಲರಿಗೂ ಮತ ಇದೆ, ಸೂಚಕಕ್ಕೆ ಮಾತ್ರ ಇಲ್ಲ. ಅಳೆಯುವ ಕೋಲೇ ಮತ ಹಾಕಿದರೆ ಪಕ್ಷಪಾತ ಆಗುತ್ತದೆ. ಕೋಲಿನ ಮನೆಯವರಿಗೂ ಅದೇ ನಿಯಮ."

ಸುಲೈಮಾನಾಕ ಸುತ್ತಲೂ ನೋಡಿದರು. ಬಾಯಿ ಮುಚ್ಚಿದರೆ ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಹೋಗುತ್ತಾರೆ. ತೆರೆದರೆ ಇವರೆಲ್ಲರ ಕೆಲಸ ಆಗುತ್ತದೆ. ಒಂದು ಕ್ಷಣ ತುಟಿ ಬಿಗಿಹಿಡಿದು ನಿಂತರು. ಅಷ್ಟರಲ್ಲಿ ಜಾರ್ಜರ ಮಹಡಿಯಲ್ಲಿ ಮೆಷಿನ್ ಇನ್ನೊಂದು ಸಲ ನೀರು ಬಿಟ್ಟಿತು.

ಆಮೇಲೆ ಅವರು ಹಾಕಿದ ಬೊಬ್ಬೆಗೆ ಹೋಲಿಸಿದರೆ ಮೊದಲಿನದು ಏನೂ ಅಲ್ಲ. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಭಾವನಾ ಓಡಿಹೋಗಿ ಫೋನನ್ನು ಹತ್ತಿರ ಹಿಡಿದಳು. ಅನಂತೇಶರು ಕಣ್ಣು ಮುಚ್ಚಿ ಕ್ರಿಕೆಟ್ ಕಾಮೆಂಟರಿ ಕೇಳುವವರ ಹಾಗೆ ಕೇಳಿಸಿಕೊಂಡರು. ಚಾಪೆಯಲ್ಲಿ ಕುಳಿತಿದ್ದ ಓಣಿಯವರು ಹೆದರಲಿಲ್ಲ, ಏಳಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ಸಮಾಧಾನದಿಂದ ತಲೆದೂಗಿದರು.

"ಒಳ್ಳೆ ಕಂಡೀಷನ್‌ನಲ್ಲಿ ಉಂಟು," ಎಂದರು ಜಾರ್ಜ್.